ಕಾಕಾನ ಕೇಳಿ: ಕೂಡಿ ಮನೆ ಕಟ್ಟೋದು ಹೇಗೆ?

ಪ್ರಶ್ನೆ: ಕಾಕಾ, ನಮಸ್ಕಾರ. ನಾನು ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತೇನೆ. ನಾವು 42 ಮನೆಯವರು, ಎಲ್ಲರದೂ ಬಾಡಿಗೆ ಖೋಲಿ. ಸೊಲ್ಲಾಪುರದ ನಮ್ಮ ಅತ್ತೆಗೆ ಬೀಡಿ ಕಟ್ಟುವವರ ಸೊಸೈಟಿಯಿಂದ ಸ್ವಂತ ಮನೆ ಆಗಿದೆ. ನಾವೂ ಹಾಗೇ ಕೂಡಿ ಕಟ್ಟಬೇಕು ಅಂತಿದ್ದೇವೆ. ನಮ್ಮಲ್ಲಿ ಓದುಬರಹ ಬಲ್ಲ ಒಬ್ಬರು ಊರ ಹೊರಗೆ ಹೊಲ ನೋಡಿದ್ದಾರೆ. ಮನೆಗೆ 50 ಸಾವಿರ ಕೊಡಿ, ಸದ್ಯ ನನ್ನ ಹೆಸರಲ್ಲಿ ಅಗ್ರಿಮೆಂಟ್ ಆಗಲಿ, ಸಂಘ ಆಮೇಲೆ ಮಾಡೋಣ ಅನ್ನುತ್ತಾರೆ. ಕೊಡಬಹುದಾ?
(ಹೆಸರು ಬೇಡ, ಕಲಬುರಗಿ)

ಉತ್ತರ: ಬೇಡ ತಮ್ಮಾ. ಮನೆಯ ಆಸೆ ಬಿಡಬೇಡ, 50 ಸಾವಿರವನ್ನೂ ಕೈಬಿಡಬೇಡ.

ಆ ಮನುಷ್ಯ ಒಳ್ಳೆಯವನೇ ಇರಬಹುದು. ಆದರೆ ನಾಳೆ ಅವನಿಗೇನಾದರೂ ಆದರೆ ಹೊಲ ಅವನ ಮಕ್ಕಳದು. ನಿಮ್ಮ ಕೈಯಲ್ಲಿ ಏನಿರುತ್ತೆ?

ನಾನು 31 ವರ್ಷ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿದವನು. ಆದರೂ ಮೋಸ ಹೋಗಿದ್ದೇನೆ. 1994ರಲ್ಲಿ ಒಂದು ಗೃಹ ನಿರ್ಮಾಣ ಸೊಸೈಟಿಗೆ 18 ಸಾವಿರ ಕಟ್ಟಿದೆ. ಬಣ್ಣದ ನಕ್ಷೆ ತೋರಿಸಿದರು. ಸೈಟಿನ ನಂಬರ್ 117, ಮೂಲೆ ಸೈಟು ಬೇರೆ! ಊರವರ ಲೆಕ್ಕವೆಲ್ಲ ನೋಡಿದವನು ಆ ಜಮೀನಿನ ಪಹಣಿ ನೋಡಲಿಲ್ಲ. ಅಲ್ಲಿ ಈಗಲೂ ತೊಗರಿ ಬೆಳೆಯುತ್ತಿದ್ದಾರೆ. ಮನೆಗೆ ಬೇಳೆ ತಂದಾಗಲೆಲ್ಲ ನಿಮ್ಮ ಕಾಕಿ "ನಮ್ಮ ಸೈಟಿಂದಾ?" ಅಂತ ಕೇಳುತ್ತಾಳೆ.

ಇನ್ನು ನಿಮ್ಮ ಅತ್ತೆಯ ಮನೆ. ಅದು ಸೊಲ್ಲಾಪುರದ ಹತ್ತಿರದ ಕುಂಭಾರಿಯಲ್ಲಿ ಇರಬೇಕು. ಗೋದೂತಾಯಿ ಪರುಳೇಕರ ಹೆಸರಿನ ಸೊಸೈಟಿ, 10 ಸಾವಿರ ಮನೆ. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಕೀಲಿಕೈ ಕೊಟ್ಟರು. ಮನೆಗೆ ಸುಮಾರು 60 ಸಾವಿರ ಖರ್ಚು. ಕೇಂದ್ರದ್ದು ಒಂದು ಪಾಲು, ರಾಜ್ಯದ್ದು ಒಂದು, ಬೀಡಿ ಕಟ್ಟುವ ಹೆಂಗಸಿನದು ಒಂದು. ಆದರೆ ಅಲ್ಲಿ ಹೊಲ ಮೊದಲು ಬರಲಿಲ್ಲ, ಸಂಘಟನೆ ಮೊದಲು ಬಂತು. ನರಸಯ್ಯ ಆಡಂ ಅಂತ ಕಾರ್ಮಿಕ ಮುಖಂಡರು, ಅಲ್ಲಿನ ಜನಕ್ಕೆ ಆಡಂ ಮಾಸ್ತರ್. ಅವರ ಜೊತೆ ಆ ಹೆಂಗಸರು ವರ್ಷಗಟ್ಟಲೆ ಮೋರ್ಚಾ ಹೋಗಿ, ಸರ್ಕಾರದ ಬಾಗಿಲು ಬಡಿದು ಪಡೆದದ್ದು ಅದು. ಆಮೇಲೆ ಅದೇ ರೀತಿ ರೇನಗರ ಅನ್ನೋ ಬಡಾವಣೆ ಎದ್ದಿತು. 30 ಸಾವಿರ ಮನೆಯ ಯೋಜನೆ, 2024ರ ಜನವರಿಯಲ್ಲಿ 15 ಸಾವಿರ ಮನೆ ಕೊಟ್ಟರು. ಮಗ್ಗದವರು, ಚಿಂದಿ ಆಯುವವರು, ಡ್ರೈವರ್‌ಗಳು ಎಲ್ಲರೂ ಇದ್ದಾರೆ.

ನೀವು 42 ಮನೆ. ಸಣ್ಣ ಗುಂಪು ಅಂತ ಅಂಜಬೇಡಿ, ಜಗಳ ಕಡಿಮೆ. ಮೊದಲು ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಿ, 1959ರ ಕಾಯ್ದೆಯಡಿ ನೋಂದಣಿಗೆ ಏನು ಬೇಕು ಕೇಳಿ. ಒಬ್ಬನೇ ಹೋಗಬೇಡ, ಐದಾರು ಜನ ಹೋಗಿ, ಅದರಲ್ಲಿ ಇಬ್ಬರು ಹೆಂಗಸರಿರಲಿ. ಅವರು ಕೇಳುವ ಪ್ರಶ್ನೆ ನಮಗೆ ಹೊಳೆಯೋದಿಲ್ಲ. ದುಡ್ಡು ಸಂಘದ ಬ್ಯಾಂಕ್ ಖಾತೆಗೆ ಮಾತ್ರ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ವರ್ಷಕ್ಕೊಮ್ಮೆ ಆಡಿಟ್ ಆಗಲೇಬೇಕು. ಹೆಚ್ಚು ದುಡ್ಡು ಹಾಕಿದವನಿಗೂ ಓಟು ಒಂದೇ, ಇದನ್ನು ನಿಮ್ಮ ಆ ಓದಿದ ಮನುಷ್ಯನಿಗೂ ಹೇಳು.

ಹೊಲ ಆಮೇಲೆ. ಪಹಣಿ, ಋಣಭಾರ ಪತ್ರ ನೋಡಿ. ಎನ್‌ಎ, ಅಂದರೆ ಕೃಷಿಯೇತರ ಜಮೀನು ಅಂತ ಪರಿವರ್ತನೆ ಆಗದ ಹೊಲದಲ್ಲಿ ಮನೆ ಕಟ್ಟುವ ಹಾಗಿಲ್ಲ. ಜೊತೆಗೆ ಇನ್ನೊಂದು: ಬೆಳಗ್ಗೆ ಗಂಜ್ ಮಾರುಕಟ್ಟೆಗೆ ಕೆಲಸಕ್ಕೆ ಬರಲು ಅಲ್ಲಿಂದ ಬಸ್ಸಿದೆಯಾ? ಹೊಲ ಅಗ್ಗ ಅಂತ ದೂರ ಹೋದರೆ ಉಳಿದ ಬಾಡಿಗೆ ಆಟೋಕ್ಕೆ ಹೋಗುತ್ತೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಸಹಾಯಧನ ಕೇಳೋದಾದರೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಮನೆ ಹೆಂಡತಿಯ ಹೆಸರಲ್ಲಿ ಅಥವಾ ಇಬ್ಬರ ಹೆಸರಲ್ಲಿ ಇರಲಿ.

ಆ ಅಗ್ರಿಮೆಂಟಿನ ಕರಡು ಸಿಕ್ಕರೆ ಪತ್ರಿಕೆಯ ವಿಳಾಸಕ್ಕೆ ಕಳಿಸು. ಈ ಸಲ ಪಹಣಿ ನಾನೇ ಓದುತ್ತೇನೆ.

ಪ್ರಶ್ನೆ: ಮನೆ ಕಟ್ಟುವ ಸಹಕಾರ ಸಂಘ ಶುರುವಾದದ್ದು ಮುಂಬೈಯಲ್ಲಿ ಅಂತ ನಮ್ಮ ಸರ್ ಹೇಳಿದರು. ಹೌದಾ ಕಾಕಾ?
(ಪಿಯುಸಿ ವಿದ್ಯಾರ್ಥಿನಿ, ಗದಗ)

ಉತ್ತರ: ಇಲ್ಲ ತಂಗಿ, ನಮ್ಮ ದೇಶದಲ್ಲಿ ಮೊದಲು ಶುರುವಾದದ್ದು ಬೆಂಗಳೂರಿನಲ್ಲಿ, 1909ರಲ್ಲಿ. ಮುಂಬೈಯ ಗಾಮದೇವಿಯಲ್ಲಿ ಸಾರಸ್ವತರ ಸೊಸೈಟಿ ಬಂದದ್ದು 1915ರಲ್ಲಿ. ಅದನ್ನು ಕಟ್ಟಿದವರ ಮೂಲವೂ ನಮ್ಮ ಕೆನರಾ ಕಡೆಯದೇ. ಇನ್ನು ನಿನ್ನ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗೆ ಸಾಲ ಕೊಡುವ ಸಹಕಾರ ಸಂಘ ಕಟ್ಟಿದ್ದರು. ಹತ್ತಿರವೇ ಇದೆ, ಒಂದು ಭಾನುವಾರ ಹೋಗಿ ಬಾ. ಸರ್ ಅವರನ್ನೂ ಕರೆದುಕೊಂಡು ಹೋಗು.