ವೀಲ್ ಸ್ಪೇಸರ್ ಹಾಕಿಸುವುದು ಸುರಕ್ಷಿತವೇ? ಥಾರ್‌ಗೆ ಹಾಕಿಸಬೇಕು ಅಂತಿದ್ದೇನೆ
ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಚಕ್ರದ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಚಕ್ರ ಸ್ವಲ್ಪ ಹೊರಗೆ ಚಾಚಿದರೆ ಗಾಡಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬರೀ ನೋಟಕ್ಕಾಗಿ ಆದರೆ ಬೇಡ ಅಂತಲೇ ಹೇಳುತ್ತೇನೆ.

ಜಾಸ್ತಿ ಅಪಾಯ ಇರುವುದು ಸುಮ್ನೆ ಮಧ್ಯೆ ತೂರಿಸುವ ತೆಳು ಬಿಲ್ಲೆಯಲ್ಲಿ. ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ಉದ್ದ ಅಷ್ಟೇ ಇರುತ್ತದೆ, ನಟ್ ಹಿಡಿಯುವ ಥ್ರೆಡ್ ಕಡಿಮೆಯಾಗುತ್ತದೆ. 12 ಮಿ.ಮೀ. ದಪ್ಪದ, 1.5 ಮಿ.ಮೀ. ಪಿಚ್‌ನ (ಒಂದು ಸುತ್ತಿಗೆ ನಟ್ ಸರಿಯುವ ದೂರ) ಸ್ಟಡ್‌ನಲ್ಲಿ ನಟ್ ಸುಮಾರು 8 ಸುತ್ತಾದರೂ ಕೂರಬೇಕು. 5 ಮಿ.ಮೀ. ಬಿಲ್ಲೆ ಹಾಕಿದರೆ ಮೂರು ಸುತ್ತಿಗಿಂತ ಜಾಸ್ತಿ ಹೋಯಿತು. ಕೈಯಲ್ಲೇ ತಿರುಗಿಸಿ ಎಣಿಸಿ ನೋಡಿ.

ಹಬ್‌ಗೆ ಬಿಗಿದು, ತನ್ನದೇ ಸ್ಟಡ್‌ಗಳ ಮೇಲೆ ಚಕ್ರ ಕೂರಿಸಿಕೊಳ್ಳುವ ದಪ್ಪ ಸ್ಪೇಸರ್ ಇದಕ್ಕಿಂತ ವಾಸಿ. ಅದರ ನಡುವಿನ ತೂತು ಹಬ್‌ಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಚಕ್ರ ಬಿಚ್ಚಿ, ಒಳಗಿನ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆದು ತಿರುಗಿಸುವ ಪಾನಾ) ಮತ್ತೆ ಬಿಗಿಸಿ. ಇದನ್ನೇ ಬಹಳ ಜನ ಮರೆಯುತ್ತಾರೆ.

ಎಷ್ಟೇ ಒಳ್ಳೆಯ ಸ್ಪೇಸರ್ ಆದರೂ ಬೇರಿಂಗ್ ಮೇಲೆ ಹೊರೆ ಜಾಸ್ತಿ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಎಳೆತವೂ ಜಾಸ್ತಿ. ಟೈರ್ ಮಡ್‌ಗಾರ್ಡ್‌ಗೆ ಉಜ್ಜಬಹುದು. ವಾರಂಟಿ, ವಿಮೆ ಕ್ಲೇಮ್‌ಗೆ ತಕರಾರು ಬರಬಹುದು. ಅಗಲ ನಿಲುವು ಬೇಕೇ ಬೇಕು ಅಂದರೆ ಅದಕ್ಕೆ ತಕ್ಕ ಆಫ್‌ಸೆಟ್‌ನ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಅಲಾಯ್ ಚಕ್ರ ಹಾಕಿಸಿ. ಬೇರಿಂಗ್ ಹೊರೆ ಆಗಲೂ ಏರುತ್ತದೆ, ಆದರೆ ಸಡಿಲವಾಗುವ ಒಂದು ಜೋಡಣೆಯಾದರೂ ತಪ್ಪುತ್ತದೆ.