ಮಲೆನಾಡಿನ ಮಳೆಯಲ್ಲಿ ಬಾಳುವ ಡೆಕ್‌ಗೆ ಯಾವ ಮರ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆಯ ಹಿತ್ತಲಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಮರದ ಡೆಕ್ ಮಾಡಿಸಬೇಕೆಂದಿದ್ದೇವೆ. ಬೆಂಗಳೂರಿನ ಕಂಟ್ರಾಕ್ಟರ್ ಬ್ರೆಜಿಲ್‌ನ ಐಪೆ ಹಾಕಿ ಅನ್ನುತ್ತಾರೆ. ಟಿಂಬರ್ ಅಂಗಡಿಯವರು ಬರ್ಮಾ ತೇಗದ ಹೆಸರು ಹೇಳುತ್ತಾರೆ. ನಮ್ಮ ಆಚಾರಿಯವರ ಪ್ರಕಾರ ತೋಟದ ಸಿಲ್ವರ್ ಓಕನ್ನೇ ಕೊಯ್ಸಿದರೆ ಸಾಕು. ಕಾಡು ಬೋಳು ಮಾಡಿ ತಂದ ಮರ ನಮಗೆ ಬೇಡ, ಆದರೆ ಹತ್ತಿಪ್ಪತ್ತು ವರ್ಷ ಬಾಳಬೇಕು. ಏನು ಮಾಡೋಣ?
– ಓದುಗರು, ಸಕಲೇಶಪುರ

ಉತ್ತರ: ಸಿಲ್ವರ್ ಓಕ್ ಬೇಡವೇ ಬೇಡ. ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಒಳ್ಳೆಯ ಮರ. ಮಳೆಗಾಲ ಪೂರ್ತಿ ನೆನೆಯುವ ಜಾಗಕ್ಕಲ್ಲ. ಗೆದ್ದಲಿಗೂ ಕೊಳೆಗೂ ಅದು ಬೇಗ ತುತ್ತಾಗುತ್ತದೆ.

ಐಪೆ ನಿಜಕ್ಕೂ ಉಕ್ಕಿನಂಥ ಮರ, ನೀರಿಗೆ ಹಾಕಿದರೆ ಮುಳುಗುವಷ್ಟು ತೂಕ. ತೊಂದರೆ ಇರುವುದು ಅದು ಬರುವ ದಾರಿಯಲ್ಲಿ. ಅಮೆಜಾನ್ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ನಿಂತು ನಿಧಾನಕ್ಕೆ ಬೆಳೆಯುವ ಈ ಮರಕ್ಕಾಗಿ ಕಾಡಿನೊಳಗೆ ದಾರಿ ಕಡಿಯುತ್ತಾರೆ, ಕಳ್ಳಸಾಗಣೆಯೂ ನಡೆಯುತ್ತದೆ. ಹಾಗಾಗಿಯೇ 2024ರ ನವೆಂಬರ್‌ನಿಂದ ಅದು ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಅಂದರೆ ಪರವಾನಗಿ ಇಲ್ಲದೆ ದೇಶ ದಾಟುವಂತಿಲ್ಲ. ಆ ಕಾಗದದ ಪ್ರತಿ ಕೇಳಿ ನೋಡಿ, ಕಂಟ್ರಾಕ್ಟರ್ ತಡವರಿಸಿದರೆ ಅಲ್ಲಿಗೇ ಬಿಡಿ. ಕಾಗದ ಸರಿಯಿದ್ದರೂ, ನಮ್ಮಲ್ಲೇ ಬಾಳುವ ಮರ ಇರುವಾಗ ಅಷ್ಟು ದೂರದಿಂದ ಹಡಗಿನಲ್ಲಿ ತರಿಸುವುದು ನನಗೆ ಒಪ್ಪಿಗೆಯಿಲ್ಲ.

‘ಬರ್ಮಾ ತೇಗ’ ಎಂಬುದನ್ನು ಇನ್ನೂ ಅನುಮಾನದಿಂದ ನೋಡಿ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದಲೇ ತೇಗದ ದಿಮ್ಮಿ ರಫ್ತು ನಿಲ್ಲಿಸಿದೆ. ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ 2021ರಲ್ಲಿ ಅಮೆರಿಕ, ಐರೋಪ್ಯ ಒಕ್ಕೂಟಗಳು ನಿರ್ಬಂಧ ಹಾಕಿದವು. ಈಗ ಭಾರತಕ್ಕೆ ಬರುವ ತೇಗದ ದಿಮ್ಮಿಗಳಲ್ಲಿ ಘಾನಾ, ಈಕ್ವೆಡಾರ್ ಮುಂತಾದ ಕಡೆಯ ಪ್ಲಾಂಟೇಶನ್ ಮರವೇ ಬಹಳ. ಅದು ಕೆಟ್ಟದ್ದಲ್ಲ, ಆದರೆ ಬರ್ಮಾದ ಬೆಲೆ ಯಾಕೆ ಕೊಡಬೇಕು?

ಇಷ್ಟಕ್ಕೂ ಡೆಕ್‌ನ ಆಯುಸ್ಸನ್ನು ಮರದ ಹೆಸರಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಹಲಗೆ ಮರದ ಯಾವ ಭಾಗದಿಂದ ಬಂತು ಎಂಬುದು. ತೇಗದ ಒಳಗಿನ ಕಂದು ಚೇಗು ಗೆದ್ದಲು, ಬೂಸ್ಟು ಎರಡನ್ನೂ ತಡೆಯುತ್ತದೆ. ತೊಗಟೆಗೆ ಅಂಟಿದ ಬಿಳಿ ಭಾಗಕ್ಕೆ ಆ ಗುಣವೇ ಇಲ್ಲ, ಅದು ತೇಗವೆಂಬ ಹೆಸರಿಗಷ್ಟೇ ತೇಗ. ಎಳೆಯ ಪ್ಲಾಂಟೇಶನ್ ಮರದಲ್ಲಿ ಈ ಬಿಳಿ ಜಾಸ್ತಿ, ಪಾಲಿಶ್ ಹೊಡೆದ ಮೇಲೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಬಣ್ಣ, ಪಾಲಿಶ್ ಏನೂ ಹಚ್ಚದ ಹಲಗೆಯನ್ನೇ, ಸಾಮಿಲ್‌ನಲ್ಲಿ ನಿಂತು, ನಾಲ್ಕೂ ಮೈ ತಿರುಗಿಸಿ ನೋಡಿ. ಬಿಳಿ ಕಂಡದ್ದನ್ನು ಪಕ್ಕಕ್ಕಿಡಿ.

ನಿಮ್ಮ ಡೆಕ್‌ಗೆ ಒಂದಿಂಚು ದಪ್ಪದ ಹಲಗೆ ಲೆಕ್ಕ ಹಾಕಿದರೆ 20 ಘನ ಅಡಿ ಆಯಿತು, ಹಲಗೆ ಹೊರುವ ಕೆಳಗಿನ ಜಂತೆ ಬೇರೆ. ದಿಮ್ಮಿ ಕೊಂಡು ಕೊಯ್ಸಿದರೆ ತೊಗಟೆ, ಬಿಳಿ, ಹೊಟ್ಟು ಎಂದು ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ಬೆಲೆ ಹೋಲಿಸುವಾಗ ಇದನ್ನು ಸೇರಿಸಿಕೊಳ್ಳಿ.

ನನ್ನ ಮೊದಲ ಆಯ್ಕೆ ಹೊಸ ಮರವಲ್ಲ. ನಿಮ್ಮ ಕಡೆ ಹಳೇ ಹೆಂಚಿನ ಮನೆ ಕೆಡವಿದಾಗ ಸಿಗುವ ತೇಗ, ಹೊನ್ನೆ, ಮತ್ತಿಯ ತೊಲೆಗಳು ದಶಕಗಳಿಂದ ಒಣಗಿ ನಿಂತಿರುತ್ತವೆ, ಅವಕ್ಕಾಗಿ ಒಂದು ಮರವೂ ಉರುಳಬೇಕಿಲ್ಲ. ಮೊಳೆಗಳನ್ನು ಒಂದೂ ಬಿಡದೆ ಕೀಳಿಸಿ, ಇಲ್ಲದಿದ್ದರೆ ಸಾಮಿಲ್‌ನವರು ಮುಟ್ಟುವುದಿಲ್ಲ. ಹೊನ್ನೆ ಹಾಕಿದರೆ ಮೊದಲ ಮಳೆಗಳಲ್ಲಿ ಹಳದಿ ನೀರು ಇಳಿದು ಗೋಡೆ, ಕಲ್ಲಿಗೆ ಕಲೆಯಾಗುತ್ತದೆ. ಮತ್ತಿ ಗಟ್ಟಿ, ಆದರೆ ನೇರ ಬಿಸಿಲಿಗೆ ಬಿರುಕು ಬಿಡುವ ಸ್ವಭಾವ ಅದಕ್ಕಿದೆ. ನಾನಾದರೆ ಅದನ್ನು ಜಂತೆಗೆ ಬಳಸಿ, ಮೇಲೆ ತೇಗ ಹಾಸುತ್ತೇನೆ.

ಹಳೇ ಮರ ಸಿಗದಿದ್ದರೆ ಅರಣ್ಯ ಇಲಾಖೆಯ ಡಿಪೋ ಹರಾಜಿನ ತೇಗ. ದಾಂಡೇಲಿ ಡಿಪೋದ ಮರಕ್ಕೆ ಹೆಸರಿದೆ. ದಿಮ್ಮಿಯ ಮೇಲೆ ಇಲಾಖೆಯ ಮುದ್ರೆ, ಕೈಯಲ್ಲಿ ಸಾಗಣೆ ಪಾಸ್ ಇರುತ್ತದೆ, ಎಲ್ಲಿಯ ಮರವೆಂದು ಹಿಂದಕ್ಕೆ ಹುಡುಕಿಕೊಂಡು ಹೋಗಬಹುದು. ಆಮದು ಮರವೇ ಬೇಕೆಂದರೆ, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದ ಮರವೆಂದು ತೋರಿಸುವ ಎಫ್‌ಎಸ್‌ಸಿ ಪ್ರಮಾಣಪತ್ರ ಕೇಳಿ. ಅಂಗಡಿಯ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಸಾಲದು. ನಿಮ್ಮ ಬಿಲ್ಲಿನಲ್ಲೇ, ನಿಮ್ಮ ಹಲಗೆಗಳ ಎದುರಿಗೇ ‘ಎಫ್‌ಎಸ್‌ಸಿ 100%’ ಎಂದೂ ಅವರ ಪ್ರಮಾಣಪತ್ರದ ಸಂಖ್ಯೆಯೂ ಬರೆದಿರಬೇಕು. ಜಾತಿಯ ಬಗ್ಗೆಯೇ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಂದು ತುಂಡು ಕೊಟ್ಟರೆ ಪರೀಕ್ಷಿಸಿ ಹೇಳುತ್ತಾರೆ.

ತೋಟದಲ್ಲೇ ಬಲಿತ ಹಲಸಿದ್ದರೆ ಅದರ ಚೇಗೂ ಚೆನ್ನಾಗಿ ಬಾಳುತ್ತದೆ. ಕಡಿಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಕಟ್ಟುವ ವಿಷಯ, ಎಷ್ಟೋ ಡೆಕ್‌ಗಳು ಕೆಡುವುದೇ ಇಲ್ಲಿ. ಹಲಗೆಯ ತೇವ ಮೀಟರಿನಲ್ಲಿ ಶೇ 15ರ ಆಸುಪಾಸು ಇರಲಿ. ಜಂತೆಗಳನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಕಂಬದ ಮೇಲೆ ಕೂರಿಸಿ, ಕೆಳಗೆ ಗಾಳಿಯಾಡಲು ಅರ್ಧ ಅಡಿಯಾದರೂ ಜಾಗ ಬಿಡಿ. ಹಲಗೆಗಳ ನಡುವೆ 5–6 ಮಿಲಿಮೀಟರ್ ಸಂದು, ಜಂತೆಯಿಂದ ಜಂತೆಗೆ 16 ಇಂಚು. ನೀರು ನಿಂತು ಮೊದಲು ಕೊಳೆಯುವುದು ಜಂತೆಯ ನೆತ್ತಿ, ಅಲ್ಲಿಗೆ ನೀರು ತಡೆಯುವ ರಬ್ಬರಿನಂಥ ಬ್ಯುಟೈಲ್ ಟೇಪ್ ಅಂಟಿಸಿ. ಕತ್ತರಿಸಿದ ಪ್ರತಿ ತುದಿಗೂ ಮೇಣ ಬಳಿಸಿ. ಈ ಕೆಲಸಕ್ಕೆ ಯಾವ ಕೆಲಸಗಾರನೂ ತಾನಾಗಿ ಮುಂದೆ ಬರುವುದಿಲ್ಲ, ನೀವೇ ಎದುರಿಗೆ ನಿಲ್ಲಬೇಕು.

ಪ್ರಶ್ನೆ: ಮಲ್ಪೆ ಹತ್ತಿರ ನಮ್ಮ ಮನೆ. ತೇಗದ ಡೆಕ್ ಎರಡೇ ವರ್ಷಕ್ಕೆ ಬೂದಿ ಬಣ್ಣಕ್ಕೆ ತಿರುಗಿದೆ, ಸ್ಕ್ರೂ ಸುತ್ತ ಕಪ್ಪು ಕಲೆ. ವಾರ್ನಿಷ್ ಹೊಡೆಸಲೇ, ದೋಣಿಗೆ ಬಳಿಯುವ ಗೇರೆಣ್ಣೆ ಬಳಿಯಲೇ?
– ಓದುಗರು, ಉಡುಪಿ

ಉತ್ತರ: ಬೂದಿ ಬಣ್ಣ ರೋಗವಲ್ಲ, ಬಿಸಿಲಿಗೆ ಮೇಲ್ಮೈ ಮಾಸಿದೆ ಅಷ್ಟೇ. ಒಳಗೆ ಮರ ಹಾಗೇ ಇದೆ. ವಾರ್ನಿಷ್ ಬೇಡ. ಪದರ ಬಿರಿದು, ಅದರಡಿ ನೀರು ಸೇರಿ, ಮುಂದಿನ ವರ್ಷ ಉಜ್ಜಿ ತೆಗೆಯುವ ಕೆಲಸ ಬರುತ್ತದೆ. ಕಂದು ಬಣ್ಣವೇ ಬೇಕೆಂದಿದ್ದರೆ ಹೊರಾಂಗಣ ಮರಕ್ಕೆಂದೇ ಸಿಗುವ ಎಣ್ಣೆಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಒರೆಸಿ. ಗೇರೆಣ್ಣೆ ಅಡಿಯ ಜಂತೆಗೆ ಸರಿ. ಬರಿಗಾಲು ಇಡುವ, ಮಕ್ಕಳು ಕೂರುವ ಹಲಗೆಗೆ ಅದು ಬೇಡ, ಚರ್ಮ ಸುಡುತ್ತದೆ.

ಕಪ್ಪು ಕಲೆ ಕಬ್ಬಿಣದ ಸ್ಕ್ರೂಗಳದ್ದು. ಮರದಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ, ಉಪ್ಪುಗಾಳಿ ಅದನ್ನು ಇನ್ನಷ್ಟು ಬೇಗ ಮಾಡುತ್ತದೆ. ಎಲ್ಲವನ್ನೂ ಬಿಚ್ಚಿಸಿ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಒಳನಾಡಿಗೆ ಸಾಲುವ 304 ನಿಮ್ಮಲ್ಲಿ ತುಕ್ಕಿನ ಚುಕ್ಕೆ ಬಿಡುತ್ತದೆ. ಕಲೆಗಳಿಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ತೊಳೆದರೆ ಹೋಗುತ್ತದೆ, ಕೈಗವಸು ಹಾಕಿಕೊಂಡೇ ಮಾಡಿಸಿ.