ಕೆಮಿಸ್ಟ್ರಿ ಪರೀಕ್ಷೆ ಮುಗಿದ ಮೇಲೆ ಇಳಿಯುತ್ತಲೇ ಹೋದ ಅಂಕ

ಆಕೆಗೆ 17 ವರ್ಷ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಆಕೆಯೂ ತಂದೆತಾಯಿಯೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಕೆಮಿಸ್ಟ್ರಿ ಪರೀಕ್ಷೆಯ ಮರುದಿನ ತಾಯಿ ಆಕೆಯನ್ನು ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಪೇಪರ್ ನಿಜಕ್ಕೂ ಕಷ್ಟವಿತ್ತು, ಓದುವ ಮಕ್ಕಳೇ ಅತ್ತುಕೊಂಡು ಹೊರಬಂದಿದ್ದರಂತೆ. ಗಣಿತದ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಹುಡುಗಿ ಪುಸ್ತಕ ಮುಟ್ಟಿರಲಿಲ್ಲ.

"ಮೇಡಂ, ಹೊರಗೆ ಬಂದಾಗ 68 ಬರುತ್ತೆ ಅಂದುಕೊಂಡಿದ್ದೆ. ಸಂಜೆ ಲೆಕ್ಕ ಹಾಕಿದರೆ 55 ಆಯ್ತು. ರಾತ್ರಿ ಮತ್ತೆ ಹಾಕಿದೆ, 41."

ಇಂಥ ಮಾತು ಕೇಳಿದಾಗ ನಾನು ಮೊದಲು ಅಂಕದ ವಿಷಯಕ್ಕೆ ಹೋಗುವುದಿಲ್ಲ. ನಿದ್ದೆ ಬಂತಾ, ಊಟ ಮಾಡಿದೆಯಾ, ಸಾಯಬೇಕು ಅನ್ನಿಸಿತಾ ಎಂದು ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ, ಹಾಗೇನೂ ಆಗುವುದಿಲ್ಲ. ಈಕೆಗೆ ನಿದ್ದೆ ಕೆಟ್ಟಿತ್ತು, ಆದರೆ ಆ ಯೋಚನೆ ಬಂದಿರಲಿಲ್ಲ. ಬಂದಿದ್ದರೆ ಮಿಕ್ಕದ್ದೆಲ್ಲ ಬದಿಗಿಟ್ಟು ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಆಮೇಲೆ 68 ಹೇಗೆ 41 ಆಯ್ತು ಎಂದು ಕೇಳಿದೆ. ಉತ್ತರಪತ್ರಿಕೆ ಅದೇ. ಬರೆದದ್ದೂ ಅಷ್ಟೇ. ನಡುವೆ ಆದದ್ದು ಒಂದೇ, ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರ ಉತ್ತರ ಬರುತ್ತಾ ಹೋಗಿತ್ತು. ತನ್ನದಕ್ಕೆ ಹೊಂದದ ಉತ್ತರ ಕಂಡಾಗಲೆಲ್ಲ ಈಕೆ ತನ್ನ ಅಂಕ ಕಳೆದುಕೊಂಡಿದ್ದಳು.

ಅದರಲ್ಲಿ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಹೈಡ್ರೋಕ್ಲೋರಿಕ್ ಆಮ್ಲ 10ರ ಮೈನಸ್ 8ನೇ ಘಾತ ಮೋಲಾರ್, ಅಂದರೆ ತೀರಾ ತೆಳು, ಇದ್ದರೆ ಪಿಎಚ್ ಎಷ್ಟು? (ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಎಂಬುದರ ಅಳತೆ. 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ.) ಗುಂಪಿನಲ್ಲಿ ಹೆಚ್ಚಿನವರು 8 ಎಂದಿದ್ದರು. ಈಕೆ ಬರೆದದ್ದು 6.98. "ಎಲ್ಲರೂ 8 ಅಂತಾರೆ, ನಂದು ತಪ್ಪು" ಎಂದು ಆ 3 ಅಂಕ ಹೊಡೆದುಹಾಕಿದ್ದಳು. ಆದರೆ ಪಿಎಚ್ 8 ಅಂದರೆ ಪ್ರತ್ಯಾಮ್ಲ. ಆಮ್ಲವನ್ನು ಎಷ್ಟೇ ತೆಳು ಮಾಡಿದರೂ ಅದು ಪ್ರತ್ಯಾಮ್ಲ ಆಗುತ್ತದಾ? ಅಷ್ಟು ತೆಳುವಾದಾಗ ನೀರಿನಿಂದ ಬರುವ ಹೈಡ್ರೋಜನ್ ಅಯಾನುಗಳನ್ನೂ ಸೇರಿಸಬೇಕು. ಆಗ ಸುಮಾರು 6.98 ಬರುತ್ತದೆ. ಸರಿ ಇದ್ದವಳು ಈಕೆ! ಪಠ್ಯಪುಸ್ತಕ ತೆಗೆಸಿ ಆಕೆಯ ಕೈಯಲ್ಲೇ ನೋಡಿಸಿದೆ. ತುಂಬಾ ಜನ ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ತನಗೆ ಗೊತ್ತಿರುವುದನ್ನೂ ಈ ಮಕ್ಕಳು ಬಿಟ್ಟುಕೊಡುತ್ತಾರೆ. ನನಗೆ ಅಂಕ ಹೋಗುವುದಕ್ಕಿಂತ ಇದರ ಬಗ್ಗೆಯೇ ಚಿಂತೆ ಜಾಸ್ತಿ.

ಕೊನೆಯ ನಿಮಿಷದಲ್ಲಿ ಎರಡು ಬಹುಆಯ್ಕೆ ಉತ್ತರ ಬದಲಿಸಿದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತಿದ್ದಳು. "ಮೊದಲು ಹೊಳೆದದ್ದೇ ಸರಿ ಇರುತ್ತೆ ಅಲ್ವಾ ಮೇಡಂ?" ಇಲ್ಲ. ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು 2005ರಲ್ಲಿ ಇದನ್ನೇ ಪರೀಕ್ಷೆಯ ಉತ್ತರಗಳಲ್ಲಿ ನೋಡಿದರು. ಬದಲಿಸಿದ ಉತ್ತರಗಳಲ್ಲಿ ಅರ್ಧದಷ್ಟು ತಪ್ಪಿನಿಂದ ಸರಿಗೆ ಹೋಗಿದ್ದವು, ಸರಿಯಿಂದ ತಪ್ಪಿಗೆ ಹೋದದ್ದು ಕಾಲು ಭಾಗದಷ್ಟು. ಆದರೂ ಬದಲಿಸಿ ಕೆಟ್ಟದ್ದೇ ಹೆಚ್ಚು ನೋಯಿಸುತ್ತದೆ, ಅದೇ ನೆನಪಲ್ಲಿ ಉಳಿಯುತ್ತದೆ.

ಇದೇ ಕ್ರೂಗರ್, ಡೇವಿಡ್ ಡನ್ನಿಂಗ್ ಜೊತೆ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದೆ. ಕಡಿಮೆ ಅಂಕ ಪಡೆದವರು ತಾವು ಸರಾಸರಿಗಿಂತ ಮೇಲಿದ್ದೇವೆ ಎಂದುಕೊಂಡಿದ್ದರು. ಚೆನ್ನಾಗಿ ಮಾಡಿದವರು ಉಳಿದವರಿಗೆ ಹೋಲಿಸಿ ತಮ್ಮ ಸ್ಥಾನವನ್ನು ಇರುವುದಕ್ಕಿಂತ ಕೆಳಗೆ ಅಂದಾಜಿಸಿದ್ದರು. ಗುಂಪಿನಲ್ಲಿ ಜೋರಾಗಿ "ನಂದು 90" ಎನ್ನುವವರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ಆಕೆಯೇ ಯೋಚಿಸಲಿ ಎಂದು ಬಿಟ್ಟೆ.

ಅಂಕದ ಅಂದಾಜು ಮಾಡಲೇಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಮಾಡುತ್ತಾರೆ, ರಾತ್ರಿ ಹಾಸಿಗೆಯಲ್ಲಿ ಒಬ್ಬರೇ ಮಾಡುತ್ತಾರೆ. ಬದಲಿಗೆ ಅಲ್ಲೇ ಕೂರಿಸಿ, ಪ್ರಶ್ನೆಪತ್ರಿಕೆ, ಪಠ್ಯಪುಸ್ತಕ ಮುಂದಿಟ್ಟು ಒಂದೇ ಒಂದು ಸಲ ಮಾಡಿಸಿದೆ. ಫೋನ್ ತಾಯಿಯ ಕೈಯಲ್ಲಿ. ಖಚಿತವಾಗಿ ಸರಿ ಇರುವ ಅಂಕ ಒಂದು ಕಡೆ, ಅನುಮಾನ ಇರುವುದು ಇನ್ನೊಂದು ಕಡೆ, ಬಿಟ್ಟದ್ದು ಮತ್ತು ಖಂಡಿತ ತಪ್ಪಾದದ್ದು ಮತ್ತೊಂದು ಕಡೆ. 46, 30, 24 ಬಂತು. ವಿದ್ಯುತ್ಕೋಶದ ವೋಲ್ಟೇಜ್ ಕಂಡುಹಿಡಿಯುವ ನರ್ನ್ಸ್ಟ್ ಸಮೀಕರಣದ ಲೆಕ್ಕದಲ್ಲಿ ಎಲೆಕ್ಟ್ರಾನ್ ಸಂಖ್ಯೆ 2 ಇರಬೇಕಾದಲ್ಲಿ 1 ಹಾಕಿದ್ದಳು. ರಾತ್ರಿ ಅದರ 5 ಅಂಕವೂ ಪೂರ್ತಿ ಹೋಯಿತು ಎಂದುಕೊಂಡಿದ್ದಳು. ಹಂತಕ್ಕೆ ಅಂಕ ಕೊಡುವ ಪರೀಕ್ಷೆ ಅದು. ಸೂತ್ರ ಸರಿ ಇತ್ತು, ಬೆಲೆಗಳನ್ನು ಹಾಕಿದ ರೀತಿಯೂ ಸರಿ. ಅದನ್ನು ಅನುಮಾನದ ಕಡೆಗೆ ತಂದೆವು.

ಅನುಮಾನದ 30ರಲ್ಲಿ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗ ಸಿಗಬಹುದು ಎಂದಿಟ್ಟುಕೊಂಡರೆ 56ರಿಂದ 66. ಒಂದೇ ಸಂಖ್ಯೆ ಬೇಡ, ಇಷ್ಟರಿಂದ ಇಷ್ಟರವರೆಗೆ ಎಂದು ಬರೆದಿಡು ಎಂದೆ. "ಇನ್ನೂ ಕಡಿಮೆ ಬಂದರೆ?" ಎಂದಳು. ಬರಬಹುದು, ಅನುಮಾನದ್ದೆಲ್ಲ ಹೋದರೆ 46ರ ಹತ್ತಿರ ನಿಲ್ಲಬಹುದು ಎಂದು ಹೇಳಿದೆ. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ.

ಆ ಹಾಳೆಯನ್ನು ನಾನೇ ಇಟ್ಟುಕೊಂಡೆ. ಗಣಿತ ಮುಗಿಯುವವರೆಗೆ ಗುಂಪನ್ನು ಮ್ಯೂಟ್ ಮಾಡುವುದು ಎಂದು ಇಬ್ಬರೂ ಒಪ್ಪಿಕೊಂಡೆವು. ಕೆಮಿಸ್ಟ್ರಿ ನೆನಪಾಗಿ ಕಾಡಿದರೆ ಮನಸ್ಸಿನ ಜೊತೆ ಜಗಳ ಬೇಡ, "ಹಾಳೆ ಮೇಡಂ ಹತ್ತಿರ ಇದೆ" ಎಂದುಕೊಂಡು ಎದುರಿಗಿರುವ ಲೆಕ್ಕಕ್ಕೆ ಮರಳು ಎಂದೆ. ಅವತ್ತು ಸಂಜೆಗೆ ಗೊತ್ತಿರುವ ಅಧ್ಯಾಯದ ಲೆಕ್ಕಗಳನ್ನೇ ಕೊಟ್ಟೆ. ಕೈ ಮತ್ತೆ ಓಡಬೇಕಿತ್ತು.

ತಂದೆಯ ಜೊತೆ ಫೋನಿನಲ್ಲಿ ಮಾತಾಡಿದೆ. ಅವರು ಗದರಿದವರಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ "ಎಷ್ಟು ಬರಬಹುದು ಮಗಳೇ?" ಎಂದು ಕೇಳುತ್ತಿದ್ದರು. ಫಲಿತಾಂಶದವರೆಗೆ ಆ ಪ್ರಶ್ನೆ ಬೇಡ, "ನಾಳೆಗೆ ಏನು ಬೇಕು?" ಎಂದು ಕೇಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಗಣಿತ ಬರೆದು ಬಂದ ಮೇಲೆ ಆಕೆ ಮತ್ತೆ ಸಿಕ್ಕಳು. ಕೆಮಿಸ್ಟ್ರಿ ಫಲಿತಾಂಶ ಇನ್ನೂ ಬಂದಿಲ್ಲ. 46ಕ್ಕಿಂತಲೂ ಕೆಳಗೆ ಬಂದರೆ ಮರುಎಣಿಕೆಗೆ ಅರ್ಜಿ ಹಾಕಬೇಕು ಎಂದು ಮಾತಾಡಿಕೊಂಡಿದ್ದೇವೆ. ಅರ್ಜಿಗೆ ಏನೇನು ಬೇಕು ಎಂದು ತಂದೆಯೇ ವಿಚಾರಿಸುತ್ತಿದ್ದಾರೆ.